ಹದಿನೈದು ಇಂಚಿನ ಸಂಗೀತ

ಮೂರನೆಯ ಒಬ್ಬೆ ಚಕ್ಕುಲಿಯನ್ನು ಎಣ್ಣೆಗೆ ಬಿಟ್ಟು ಪ್ರಿಯದರ್ಶಿನಿ ಒರಳಿಗೆ ಮತ್ತೆ ಹಿಟ್ಟು ತುಂಬಿದಳು. ಒರಳಿನ ಹಿಡಿಯನ್ನು ಬಲಕ್ಕೆ ತಿರುಗಿಸುವಾಗಲೆಲ್ಲ ಅವಳ ಎಡಗಾಲು ತನ್ನಷ್ಟಕ್ಕೆ ತಾನೇ ನೆಲವನ್ನು ಒತ್ತುತ್ತಿತ್ತು. ಅದು ಕ್ಲಚ್ಚು. ಅಡುಗೆಮನೆಯ ನೆಲದಲ್ಲಿ ಕ್ಲಚ್ಚಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು; ಕಾಲಿಗೆ ಗೊತ್ತಿರಲಿಲ್ಲ.

ನಾಳೆ ಭಾನುವಾರ. ಭದ್ರಾವತಿಯ ನ್ಯೂಟೌನಿನಲ್ಲಿ ಅಕ್ಕನ ಮಗಳು ಇಂಪನಾಳ ಸೀಮಂತ. ಆಲ್ಕೊಳದ ಈ ಮನೆಯಿಂದ ಅಲ್ಲಿಯವರೆಗೆ ಕಾರು ಓಡಿಸಿಕೊಂಡು ಹೋಗುವವಳು ಪ್ರಿಯದರ್ಶಿನಿ. ಇದು ಅವಳು ತಾನಾಗಿ ಕಟ್ಟಿಕೊಂಡ ಕನಸಲ್ಲ. ಗಂಡ ಲಕ್ಷ್ಮೀಕಾಂತ ಫೋನನ್ನು ಸ್ಪೀಕರಿಗೆ ಹಾಕಿ, ಅಕ್ಕನೂ ಅಮ್ಮನೂ ಕೇಳುವ ಹಾಗೆ, "ಈ ಸಲ ನಿಮ್ಮ ಮಗಳೇ ಓಡಿಸ್ಕೊಂಡು ಬರ್ತಾಳೆ ನೋಡ್ತಿರಿ ಅತ್ತೆ" ಎಂದು ಕೊಟ್ಟ ಮಾತು. ಲೈಸೆನ್ಸ್ ಕೈಗೆ ಬಂದು ವರ್ಷವಾಗಿತ್ತು. ಆ ವರ್ಷವಿಡೀ ಅವಳು ಕಾರನ್ನು ಗೇಟಿನೊಳಗಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಓಡಿಸಿದ್ದಳು. ಅದೂ ತೊಳೆಯುವುದಕ್ಕೆ. ಸರ್ಕಲ್ ಕಡೆ ಬೇಡ, ಸಿಟಿ ಬಸ್ಸಿನವರು ನುಗ್ಗುತ್ತಾರೆ. ಸಾಗರ ರಸ್ತೆ ಬೇಡ, ಲಾರಿ. ಗಾಂಧಿಬಜಾರಂತೂ ಬೇಡವೇ ಬೇಡ. ಲಕ್ಷ್ಮೀಕಾಂತನ ಪ್ರಕಾರ ಹೆಂಡತಿ ಕಾರು ಓಡಿಸಲು ಯೋಗ್ಯವಾದ ರಸ್ತೆ ಶಿವಮೊಗ್ಗ ಜಿಲ್ಲೆಗೆ ಇನ್ನೂ ಮಂಜೂರಾಗಿರಲಿಲ್ಲ.

ಅಂಥವನು ಬಾಯಿಬಿಟ್ಟು ಮಾತು ಕೊಟ್ಟಿದ್ದ. ಅಮ್ಮ ಶೇಷಮ್ಮ ಮಾರನೆಯ ದಿನವೇ ನ್ಯೂಟೌನಿನ ಆ ಬೀದಿಯ ಮನೆಮನೆಗೂ ಸುದ್ದಿ ಮುಟ್ಟಿಸಿ ಬಂದಿದ್ದಳು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

"ದರ್ಶಿನೀ!" ಹೊರಗಿನಿಂದ ಲಕ್ಷ್ಮೀಕಾಂತನ ಕೂಗು ಬಂತು. "ದೊಡ್ಡ ಕುಕ್ಕರಿನ ಗ್ಯಾಸ್ಕೆಟ್ ಎಲ್ಲಿಟ್ಟಿದ್ದೀಯ?"

"ಕುಕ್ಕರಿನಲ್ಲೇ ಇದೆ. ಎಂತಕ್ಕೆ?"

"ಲ್ಯಾಪ್‌ಟಾಪಿಗೆ ಹಾಕ್ಬೇಕು."

ಇದಕ್ಕೆ ಏನು ಉತ್ತರ ಕೊಡಬೇಕೆಂದು ಯಾವ ತವರಿನಲ್ಲೂ ಹೇಳಿಕೊಟ್ಟು ಕಳಿಸುವುದಿಲ್ಲ. ಪ್ರಿಯದರ್ಶಿನಿ ಚಕ್ಕುಲಿ ಮಗುಚಿದಳು.

ವಿಷಯ ಹೀಗೆ. ಲಕ್ಷ್ಮೀಕಾಂತನ ಷಡ್ಡಕ ತ್ರಿವಿಕ್ರಮ, ಅಂದರೆ ಭದ್ರಾವತಿಯ ಅಕ್ಕನ ಗಂಡ, ಈಚೆಗೆ ಹೊಸ ಕಾರು ತೆಗೆದುಕೊಂಡಿದ್ದ. ಮುಟ್ಟಿದರೆ ಹಾಡುವ ಸ್ಕ್ರೀನು ಇದ್ದ ಕಾರು. ಲಕ್ಷ್ಮೀಕಾಂತನನ್ನು ಪಕ್ಕಕ್ಕೆ ಕೂರಿಸಿಕೊಂಡು ಭದ್ರಾ ಸೇತುವೆಯ ತನಕ ಸುಮ್ಮನೆ ಹೋಗಿಬಂದು, ಇಳಿಯುವಾಗ, "ನಿಮ್ಮದರಲ್ಲಿ ಇನ್ನೂ ಕ್ಯಾಸೆಟ್ಟೇ ಏನ್ರೀ?" ಎಂದು ಕೇಳಿದ. ಲಕ್ಷ್ಮೀಕಾಂತ ಕಾಲೇಜೊಂದರ ಕಚೇರಿಯಲ್ಲಿ ಸೂಪರಿಂಟೆಂಡೆಂಟು. ಕೇಳಿದ ಪ್ರಶ್ನೆಗೆ ಉತ್ತರಿಸದೆ ಬೇರೆ ಪ್ರಶ್ನೆ ಕೇಳುವುದು ಅವನ ವೃತ್ತಿಧರ್ಮ.

"ನಿಮ್ಮ ಸ್ಕ್ರೀನು ಎಷ್ಟು ಇಂಚು?"

"ಒಂಬತ್ತು."

"ಓ, ಒಂಬತ್ತೇನಾ? ನಮ್ಮದು ಹದಿನೈದು ಬರ್ತಾ ಇದೆ."

ಮಾತು ಬಾಯಿಂದ ಹೊರಬಿದ್ದ ಮೇಲೆ ಹದಿನೈದು ಇಂಚನ್ನು ಎಲ್ಲಿಂದ ತರುವುದೆಂದು ಅವನು ಯೋಚಿಸಿದ. ಅವನಿಗೆ ತಿಳಿದ ಮಟ್ಟಿಗೆ ಅದು ಲೋಕದಲ್ಲಿ ಒಂದೇ ಕಡೆ ಇತ್ತು: ಮನೆಯ ಬೀರುವಿನ ಮೇಲೆ. ಮಗಳು ಕವನ ಮದುವೆಯಾಗಿ ದಾವಣಗೆರೆಗೆ ಹೋಗುವಾಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪು. ಅದರ ಬ್ಯಾಟರಿ ಸತ್ತಿತ್ತು. ಕೀಲು ಮುರಿದಿತ್ತು. ಗುಂಡಿಗಳಲ್ಲಿ ಅರ್ಧದಷ್ಟು ಮಾತ್ರ ಹೇಳಿದ ಮಾತು ಕೇಳುತ್ತಿದ್ದವು. ಆದರೂ ಅದು ಪೂರಾ ನಿವೃತ್ತಿಯಾಗಿರಲಿಲ್ಲ. ಲಕ್ಷ್ಮೀಕಾಂತ ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿ. ಸಂಘದ ನೋಟೀಸುಗಳು ಅದರಲ್ಲೇ ಇದ್ದವು. ಬೆಳಿಗ್ಗೆ ಕಸದ ಗಾಡಿ ಹಾಕಿಕೊಂಡು ಬರುವ ಹಾಡೂ ಅದರಲ್ಲೇ ಇತ್ತು. ಗಾಡಿಯ ಡ್ರೈವರ್ ಹಾಲಸ್ವಾಮಿ ಪೆನ್‌ಡ್ರೈವ್ ಕಳೆದುಕೊಂಡಾಗಲೆಲ್ಲ ಓಡಿಬಂದು ಅಲ್ಲಿಂದಲೇ ಹಾಡು ತುಂಬಿಸಿಕೊಂಡು ಹೋಗುತ್ತಿದ್ದ.

ಈಗ ಆ ಲ್ಯಾಪ್‌ಟಾಪು ಕಾರು ಸೇರುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಅದು ಹಿಡಿಸಲಿಲ್ಲ. ಆದ್ದರಿಂದ ಎಡಗಡೆ ಸೀಟಿನ ಎದುರು, ಕಾಗದಪತ್ರ ಇಡುವ ಖಾನೆಯ ಮೇಲೆ ಅದನ್ನು ಒರಗಿಸಿ, ಅದುರದ ಹಾಗೆ ಅಡಿಗೆ ಕುಕ್ಕರಿನ ಗ್ಯಾಸ್ಕೆಟ್ ಕೊಟ್ಟು, ಲಂಗದ ಎಲಾಸ್ಟಿಕ್ಕಿನಿಂದ ಬಿಗಿದು ಕಟ್ಟಿದ್ದಾಯಿತು. ಕರೆಂಟಿಗೆ ಎಂತ ಮಾಡುವುದು? ಕಾರಿನ ಬ್ಯಾಟರಿಯಿಂದ ತಂತಿ ಎಳೆದು ಒಂದು ಇನ್ವರ್ಟರ್ ಪೆಟ್ಟಿಗೆ ಜೋಡಿಸಿ, ಅದನ್ನು ಎಡಗಡೆ ಸೀಟಿನ ಮೇಲೆ ಕೂರಿಸಿ, ಸೀಟ್ ಬೆಲ್ಟ್ ಹಾಕಿದ. ಕೀ ತಿರುಗಿಸಿದರೆ ಲ್ಯಾಪ್‌ಟಾಪು ತಾನೇ ಏಳಬೇಕು, ಎದ್ದ ಕೂಡಲೇ ತಾನೇ ಹಾಡಬೇಕು ಎಂದು ಒಳಗಡೆ ಏನೇನೋ ಏರ್ಪಾಡು ಮಾಡಿದ. ಸ್ಪೀಕರನ್ನು ಸರ್ಕಲ್ ಹತ್ತಿರ ಸೌಂಡ್ ಸರ್ವೀಸ್ ಇಟ್ಟಿರುವ ಮುಸ್ತಕೀಮ್ ತಂದುಕೊಟ್ಟ.

"ಸಾರ್, ಇದು ಮದುವೆ ಹಾಲಿಗೆ ಇಡೋ ಬಾಕ್ಸು. ಕಾರಿಗೆ ಜಾಸ್ತಿ ಆಗುತ್ತೆ" ಎಂದ ಮುಸ್ತಕೀಮ್.

"ಸಣ್ಣದು ನನಗೆ ಬೇಡ ಮಾರಾಯ."

"ಡಿಕ್ಕಿ ಬಾಗಿಲು ಮುಚ್ಚಲ್ಲ ಸಾರ್."

"ಮುಚ್ಚೋದು ಯಾಕೆ? ಗಾಳಿ ಆಡಲಿ."

ಹಾಗೆ ಡಿಕ್ಕಿಯ ಬಾಗಿಲು ಆಕಾಶ ನೋಡುತ್ತ ಅರ್ಧ ತೆರೆದೇ ಉಳಿಯಿತು. ಬಟ್ಟೆ ಒಣಗಿಸುವ ಹಗ್ಗ ಅದನ್ನು ಹಿಡಿದುಕೊಂಡಿತು. ಸದ್ದು ಹೆಚ್ಚು ಕಡಿಮೆ ಮಾಡುವ ತಿರುಪೂ ಆ ಸ್ಪೀಕರಿನ ಬೆನ್ನಿಗೇ ಇತ್ತು. ಅಂದರೆ ಕಾರಿನೊಳಗೆ ಕೂತವರಿಗೆ ಸದ್ದು ಜಾಸ್ತಿ ಎನಿಸಿದರೆ ಕಾರು ನಿಲ್ಲಿಸಿ, ಇಳಿದು, ಹಿಂದಕ್ಕೆ ಹೋಗಿ ತಗ್ಗಿಸಿ ಬರಬಹುದಾಗಿತ್ತು.

ಲಕ್ಷ್ಮೀಕಾಂತ ಕೈ ಒರೆಸಿಕೊಳ್ಳುತ್ತ ಅಡುಗೆಮನೆಗೆ ಬಂದು ಒಂದು ಬಿಸಿ ಚಕ್ಕುಲಿ ಮುರಿದ.

"ನಾಳೆ ನಾನೇ ಓಡಿಸ್ತೀನಿ ದರ್ಶಿನಿ."

ಒರಳು ನಿಂತಿತು. "ಯಾಕ್ರೀ?"

"ಈ ಸಿಸ್ಟಮ್ ಇರೋ ಕಾರು ಓಡ್ಸೋದು ಬೇರೆ ವಿದ್ಯೆ ಮಾರಾಯ್ತಿ. ಒಂದು ಕೈ ಸ್ಟೇರಿಂಗು, ಒಂದು ಕೈ ಮೌಸು. ನಿನಗೆ ಕಷ್ಟ ಆಗುತ್ತೆ. ಮುಂದೆ ಇನ್ವರ್ಟರ್ ಕೂತಿರೋದ್ರಿಂದ ನೀನು ಹಿಂದೆ ಕೂತ್ಕೊಂಡ್ರೆ ಆರಾಮ."

"ಅಮ್ಮ ಊರಿಗೆಲ್ಲ ಹೇಳ್ಕೊಂಡು ಬಂದಿದ್ದಾಳೆ."

"ಅದಕ್ಕೇನು, ಮುಂದಿನ ಸಲ."

ಪ್ರಿಯದರ್ಶಿನಿ ಮತ್ತೆ ಒರಳು ತಿರುಗಿಸಿದಳು. ಆ ಒಬ್ಬೆಯ ಚಕ್ಕುಲಿ ಒಂದೂ ಸುತ್ತಾಗಿ ಬರಲಿಲ್ಲ. ಎಲ್ಲವೂ ತುಂಡುತುಂಡಾಗಿ ಎಣ್ಣೆಗೆ ಬಿದ್ದವು.

ಭಾನುವಾರ ಬೆಳಿಗ್ಗೆ ಲಕ್ಷ್ಮೀಕಾಂತ ಸ್ನಾನ ಮಾಡಿ, ಕಾರಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದ. ಸಂಗೀತಕ್ಕೆ ಮೊದಲ ಹಾಡಾಗಿ ದೇವರ ಸ್ತುತಿಯೊಂದನ್ನು ಹುಡುಕಿ ಇಟ್ಟಿದ್ದ. ಅದು ಕೇಳಿ ನೆರೆಹೊರೆಯವರು ಭಕ್ತಿಯಿಂದ ಹೊರಗೆ ಬರಬೇಕು, ಬಂದವರು ಹದಿನೈದು ಇಂಚನ್ನು ನೋಡಬೇಕು, ಇದು ಯೋಜನೆ. ಕೀ ತಿರುಗಿಸಿದ. ಲ್ಯಾಪ್‌ಟಾಪು ಹಳೆಯ ಗುಮಾಸ್ತನಂತೆ ನರಳಿ, ನಿಧಾನವಾಗಿ ಕಣ್ಣುಬಿಟ್ಟು, ತನ್ನೊಳಗೆ ಎಲ್ಲಕ್ಕಿಂತ ಮೇಲಿದ್ದ ಕಡತವನ್ನು ಎತ್ತಿಕೊಂಡಿತು. ಅದು ಸಂಘದ ಕಡತ. ಅದರಲ್ಲಿದ್ದದ್ದು ಒಂದೇ ಹಾಡು.

ಹಸಿ ಕಸವನ್ನೂ ಒಣ ಕಸವನ್ನೂ ಬೇರೆ ಬೇರೆ ತನ್ನಿರೆಂದು ತಾಯಂದಿರನ್ನು ಬೇಡಿಕೊಳ್ಳುವ ಆ ಹಾಡು ಮದುವೆ ಹಾಲಿನ ಸ್ಪೀಕರಿನಿಂದ ಹೊರಟು ಬೀದಿಯ ಉದ್ದಕ್ಕೂ ಹರಿಯಿತು.

ಜನರು ಹೊರಗೆ ಬಂದರೇ ಎಂದರೆ, ಬಂದರು. ಭಕ್ತಿಯಿಂದಲ್ಲ, ಬಕೆಟ್ಟಿನೊಂದಿಗೆ. ಅಷ್ಟು ಬೇಗ ಗಾಡಿ ಬರುತ್ತದೆಂದು ಯಾರೂ ನಿರೀಕ್ಷಿಸಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡವರು, ಬಾಯಿ ತುಂಬ ಟೂತ್‌ಪೇಸ್ಟ್ ನೊರೆ ಇಟ್ಟುಕೊಂಡವರು, ಮಗುವನ್ನು ಒಂದು ಕೈಯಲ್ಲೂ ಕಸವನ್ನು ಇನ್ನೊಂದು ಕೈಯಲ್ಲೂ ಹಿಡಿದವರು, ಎಲ್ಲರೂ ಓಡಿಬಂದರು. ಬೀದಿ ತಿರುವಿನಲ್ಲಿ ಮಲಗಿದ್ದ ಹಸುಗಳೂ ಎದ್ದು ಬಂದವು. ಆ ಹಾಡಿನ ಅರ್ಥ ಅವಕ್ಕೆ ಎಲ್ಲರಿಗಿಂತ ಚೆನ್ನಾಗಿ ತಿಳಿದಿತ್ತು. ಎದುರುಮನೆಯ ಮಾಸ್ತಮ್ಮ ಎಲ್ಲರಿಗಿಂತ ಮುಂದಿದ್ದಳು. ಹಾಡು ಬರುವ ದಿಕ್ಕಿನಲ್ಲಿ ಬಾಗಿಲು ತೆರೆದ ಡಿಕ್ಕಿ ಕಂಡಿತು. ಅಭ್ಯಾಸಬಲದಿಂದ ಬಕೆಟ್ ಬಗ್ಗಿಸಿಯೇಬಿಟ್ಟಳು.

"ಏನ್ ಹಾಲಸ್ವಾಮಿ, ಇಷ್ಟು ಬೇಗ ಬಂದ್ಬಿಟ್ಟೆ... ಅಯ್ಯೋ! ಲಕ್ಷ್ಮೀಕಾಂತಣ್ಣ! ನೀವು ಯಾವಾಗ ಈ ಕೆಲಸಕ್ಕೆ ಸೇರಿದ್ರಿ?"

"ಮಾಸ್ತಮ್ಮನೋರೇ, ಇದು ನಮ್ಮ ಕಾರು!"

"ಕಾರೇ ಇರ್ಲಿ ಬಿಡಿ, ಸಮಾಜಸೇವೆಗೆ ಎಂತದಾದ್ರೇನು. ಸಂಘದಿಂದ ಮಾಡಿಸ್ತಿರೋದಾ? ಒಳ್ಳೇದಾಯ್ತು. ಒಣ ಕಸ ಎಲ್ಲಿಗೆ ಹಾಕೋದು, ಹಿಂದಿನ ಸೀಟಿಗಾ?"

ಲಕ್ಷ್ಮೀಕಾಂತ ಮೌಸನ್ನು ತೊಡೆಯ ಮೇಲಿಟ್ಟು ಉಜ್ಜಿದ. ಗುಂಡಿಗಳನ್ನು ಒತ್ತಿದ. ಕೇಳದ ಗುಂಡಿಗಳೇ ಕೈಗೆ ಸಿಕ್ಕವು. ಸದ್ದು ತಗ್ಗಿಸೋಣವೆಂದು ಡಿಕ್ಕಿಗೆ ಓಡಿದರೆ ಅಲ್ಲಿ ಸಾಲು ನಿಂತಿತ್ತು. ಹಿಂದಿನ ಮನೆಯವರು, "ಸಾಲಲ್ಲಿ ಬನ್ನಿ ಸಾರ್" ಎಂದರು.

ಅಷ್ಟರಲ್ಲಿ ಹಾಡಿಗೆ ಪ್ರತಿಹಾಡು ಕೇಳಿಸಿತು. ಹಾಲಸ್ವಾಮಿಯ ನಿಜವಾದ ಗಾಡಿ ಬಂದಿತ್ತು. ಅವನು ಇಳಿದು, ಸೊಂಟದ ಮೇಲೆ ಕೈಯಿಟ್ಟು, ಕಾರನ್ನು ಒಂದು ಸುತ್ತು ಹಾಕಿದ.

"ಸಾರ್, ಹಾಡು ನೀವೇ ಕೊಟ್ರಿ, ನಾನು ಇಲ್ಲ ಅನ್ನಲ್ಲ. ಆದ್ರೆ ಏರಿಯಾ ನನ್ನದು."

"ಹಾಲಸ್ವಾಮಿ, ಇದು ಹಾಗಲ್ಲ..."

"ನನಗೆ ಗೊತ್ತಿಲ್ಲ ಸಾರ್. ನಮ್ಮ ಹೆಲ್ತ್ ಇನ್‌ಸ್ಪೆಕ್ಟರ್ ಜೊತೆ ಮಾತಾಡಿ." ಅವನು ಫೋನು ಹಚ್ಚಿ ಲಕ್ಷ್ಮೀಕಾಂತನ ಕಿವಿಗೆ ಒತ್ತಿಯೇಬಿಟ್ಟ.

ಆ ಕಡೆಯ ದನಿ ನಿದ್ದೆಯಿಂದ ಎದ್ದದ್ದು. "ಖಾಸಗಿ ವಾಹನದಲ್ಲಿ ಕಸ ಎತ್ತೋಕೆ ಯಾರ್ರೀ ಪರ್ಮಿಷನ್ ಕೊಟ್ಟಿದ್ದು ನಿಮಗೆ?"

ಲಕ್ಷ್ಮೀಕಾಂತ ನಡುಬೀದಿಯಲ್ಲಿ ನೆಟ್ಟಗೆ ನಿಂತ. "ಸಾರ್, ಅದು ಕಸ ಅಲ್ಲ ಸಾರ್. ಸಂಗೀತ."

ಆ ಕಡೆಯವರು ಫೋನು ಕಟ್ ಮಾಡಿದರು. ಅಷ್ಟರಲ್ಲಿ ಮಾಸ್ತಮ್ಮನ ಕಸಕ್ಕೆ ಬಾಯಿ ಹಾಕಲು ಬಂದ ಒಂದು ಹಸು ಕಾರಿಗೆ ಮೈ ಉಜ್ಜಿತು, ಕಾರು ಅಲ್ಲಾಡಿತು, ಹಾಡು ತಾನಾಗಿ ನಿಂತಿತು. ಹಾಲಸ್ವಾಮಿ ಒಳ್ಳೆಯ ಮನುಷ್ಯ. ಡಿಕ್ಕಿಯ ಕಸವನ್ನೆಲ್ಲ ತನ್ನ ಗಾಡಿಗೆ ತುಂಬಿಕೊಂಡು, "ಇದೊಂದು ಸಲ ಬಿಟ್ಟಿದೀನಿ ಸಾರ್" ಎಂದು ಹೊರಟ.

ಪ್ರಿಯದರ್ಶಿನಿ ಇದೆಲ್ಲವನ್ನೂ ಬಾಗಿಲಲ್ಲಿ ನಿಂತು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನೋಡಿದಳು. ನಗು ಬಂದದ್ದು ನಿಜ. ಆದರೆ ಅವಳು ಚಕ್ಕುಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತದ್ದು ಹಿಂದಿನ ಸೀಟಿನಲ್ಲಿಯೇ. ಮುಂದೆ ಇನ್ವರ್ಟರ್ ಬೆಲ್ಟ್ ಹಾಕಿಕೊಂಡು ಯಜಮಾನನಂತೆ ಕೂತಿತ್ತು.

ದಾರಿಯುದ್ದಕ್ಕೂ ಲಕ್ಷ್ಮೀಕಾಂತ ಎಡಗೈಯಲ್ಲಿ ಮೌಸು, ಬಲಗೈಯಲ್ಲಿ ಸ್ಟೇರಿಂಗು ಹಿಡಿದು, ಎತ್ತಿನಗಾಡಿಯ ವೇಗದಲ್ಲಿ ಓಡಿಸಿದ. ಹಿಂದಿನ ಲಾರಿಯವರು ಹಾರನ್ನಿನಲ್ಲೇ ಅವನ ಕುಲಗೋತ್ರ ವಿಚಾರಿಸಿಕೊಂಡರು. ಒಂದು ಹಳೆಯ ಸಿನಿಮಾ ಹಾಡು ಹದವಾಗಿ ಬರುತ್ತಿರುವಾಗಲೇ ಹಂಪ್ ಬರುತ್ತಿತ್ತು. ಹಂಪ್ ದಾಟುತ್ತಿದ್ದ ಹಾಗೆ ಸ್ಕ್ರೀನು ಕಪ್ಪಾಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅದು ತಾನೇ ನರಳಿಕೊಂಡು ಎದ್ದು, ಮತ್ತೆ ಹಸಿ ಕಸ, ಒಣ ಕಸ. ಎಂ.ಆರ್.ಎಸ್. ಸರ್ಕಲಿನ ಟ್ರಾಫಿಕ್ಕಿನಲ್ಲಿ ಪಕ್ಕದ ಆಟೋದವನು ತಲೆ ಹೊರಹಾಕಿ, "ಸಾರ್, ನಮ್ ಗಾಡೀಲಿ ಎರಡು ಖಾಲಿ ಬಾಟ್ಲಿ ಇದಾವೆ, ತಗೋತೀರಾ?" ಎಂದ.

ಹಿಂದೆ ಕೂತವಳಿಗೆ ಒಂದು ಅನುಕೂಲ ಇತ್ತು. ಕಾಣಬೇಕಾದದ್ದು ಕಾಣುತ್ತಿತ್ತು. ಪ್ರತಿ ಹಂಪಿನಲ್ಲೂ ಲ್ಯಾಪ್‌ಟಾಪಿನ ಬದಿಗೆ ಸಿಕ್ಕಿಸಿದ ಚಾರ್ಜರ್ ಪಿನ್ನು ಕೂದಲೆಳೆಯಷ್ಟು ಹೊರಬರುತ್ತಿತ್ತು. ಬ್ಯಾಟರಿ ಸತ್ತ ಯಂತ್ರ. ಪಿನ್ನು ಜಾರಿದರೆ ಅದೂ ಸಾಯುತ್ತಿತ್ತು. ಮುಂದಿನ ಕುಲುಕಿಗೆ ಪಿನ್ನು ಒಳಗೆ ಹೋದರೆ ಬದುಕುತ್ತಿತ್ತು. ಬದುಕಿದಾಗಲೆಲ್ಲ ಮೊದಲಿನಿಂದ ಶುರು.

"ರೀ, ಆ ಪಿನ್ನು..."

"ನಿನಗೆ ಗೊತ್ತಾಗಲ್ಲ, ಸುಮ್ನಿರು. ಇದು ಸಾಫ್ಟ್‌ವೇರ್ ಪ್ರಾಬ್ಲಂ."

ಪ್ರಿಯದರ್ಶಿನಿ ಡಬ್ಬದ ಮುಚ್ಚಳ ಒತ್ತಿ ಹಿಡಿದು ಕೂತಳು. ಮಾಚೇನಹಳ್ಳಿ ದಾಟಿತು, ಕಡದಕಟ್ಟೆ ದಾಟಿತು. ಅವಳ ಎಡಗಾಲು ಡಬ್ಬದ ಕೆಳಗೆ ಗೇರು ಬದಲಾದಾಗಲೆಲ್ಲ ನೆಲ ಒತ್ತುತ್ತಲೇ ಇತ್ತು. ಗಂಡನಿಗಿಂತ ಒಂದು ಕ್ಷಣ ಮೊದಲೇ ಒತ್ತುತ್ತಿತ್ತು.

ನ್ಯೂಟೌನಿನ ತಿರುವಿನ ಕೊನೆಯ ಹಂಪಿನಲ್ಲಿ ಸ್ಕ್ರೀನು ಮತ್ತೆ ಕಪ್ಪಾಯಿತು. "ಸದ್ಯ, ಸರಿಹೋಯ್ತು ನೋಡು" ಎಂದು ಲಕ್ಷ್ಮೀಕಾಂತ ನಿಟ್ಟುಸಿರುಬಿಟ್ಟು, ಶಾಮಿಯಾನದ ಪಕ್ಕ ಕಾರು ನಿಲ್ಲಿಸಿದ.

ಶೇಷಮ್ಮ ಬೆಳಗಿನಿಂದ ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಸುತ್ತ ಆ ಬೀದಿಯ ಹೆಂಗಸರು. ಕಾರು ಬಂತು ಎಂದ ಕೂಡಲೇ ಎಲ್ಲರೂ ಎದ್ದು ನಿಂತರು. ಡ್ರೈವರ್ ಸೀಟಿನಿಂದ ಲಕ್ಷ್ಮೀಕಾಂತ ಇಳಿದ. ಹಿಂದಿನ ಬಾಗಿಲಿನಿಂದ ಡಬ್ಬ ಇಳಿಯಿತು, ಅದರ ಹಿಂದೆ ಪ್ರಿಯದರ್ಶಿನಿ.

"ನೀನು ಹಿಂದ್ಯಾಕೆ ಕೂತಿದ್ದೀಯೇ?" ಎಂದಳು ಶೇಷಮ್ಮ, ಬೀದಿಗೆಲ್ಲ ಕೇಳುವ ಹಾಗೆ. "ಅಳಿಯಂದಿರು ನಿನಗೆ ಡ್ರೈವರ್ ಆಗಿದ್ದಾರಾ?"

"ಮಗಳೇ ಓಡಿಸ್ಕೊಂಡು ಬರ್ತಾಳೆ ಅಂದಿದ್ರಲ್ಲಾ ಶೇಷಮ್ಮ?" ಎಂದು ಪಕ್ಕದಾಕೆ ಮೆಲ್ಲಗೆ ರಾಗ ಎಳೆದಳು.

"ಓಡಿಸೋಕೆ ಬರುತ್ತೆ ಅಂದಿದ್ದೆ. ಓಡಿಸ್ತಾಳೆ ಅಂದಿದ್ನಾ?" ಎಂದು ಶೇಷಮ್ಮ ಗದರಿದಳು. ಆದರೆ ಕುರ್ಚಿಯಲ್ಲಿ ಕೂತಾಗ ಅವಳ ಮುಖ ಸಣ್ಣದಾಗಿತ್ತು. ಪ್ರಿಯದರ್ಶಿನಿ ಅಮ್ಮನ ಕಡೆ ನೋಡದೆ ಡಬ್ಬ ಎತ್ತಿಕೊಂಡು ಒಳಗೆ ನಡೆದಳು. ಬೆಳಿಗ್ಗೆ ಬಂದ ನಗುವೆಲ್ಲ ಆ ಗೇಟಿನ ಬಳಿಯೇ ಮುಗಿದುಹೋಯಿತು.

ತ್ರಿವಿಕ್ರಮ ಬಿಳಿ ಪಂಚೆಯಲ್ಲಿ ಬಂದು ಷಡ್ಡಕನ ಕೈ ಕುಲುಕಿದ. "ಎಲ್ರೀ ಲಕ್ಷ್ಮೀಕಾಂತ್, ನಿಮ್ಮ ಹದಿನೈದು ಇಂಚು?" ಕಾರಿನ ಕಿಟಕಿಯಿಂದ ಒಳಗೆ ಬಗ್ಗಿದ. ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. "ಇದು ಲ್ಯಾಪ್‌ಟಾಪ್ ಅಲ್ವೇನ್ರೀ?"

"ನೋಡೋಕೆ ಹಾಗೆ ಕಾಣುತ್ತೆ."

"ಕೆಳಗೆ ಕಾಣ್ತಿರೋದು ಕುಕ್ಕರ್ ಗ್ಯಾಸ್ಕೆಟ್ ಹಾಗಿದೆ."

"ಶಾಕ್ ಅಬ್ಸಾರ್ಬರ್ ಅದು. ಇಂಪೋರ್ಟೆಡ್."

ತ್ರಿವಿಕ್ರಮ ನಿಜವೋ ಸುಳ್ಳೋ ನೋಡೋಣವೆಂದು ಕೈ ಚಾಚಿ ಲ್ಯಾಪ್‌ಟಾಪನ್ನು ಒಮ್ಮೆ ಒತ್ತಿದ. ಏನೂ ಆಗಲಿಲ್ಲ. ಇಬ್ಬರೂ ಒಳಗೆ ಹೋದರು.

ಏನೂ ಆಗಲಿಲ್ಲ ಎಂದು ಅವರು ಅಂದುಕೊಂಡದ್ದು. ಒತ್ತಿದ ಬಿರುಸಿಗೆ ಪಿನ್ನು ಒಳಗೆ ಹೋಗಿ ಕೂತಿತ್ತು; ಲಕ್ಷ್ಮೀಕಾಂತ ಕೀಯನ್ನು ಪೂರಾ ಆರಿಸದೆ ಕಾರಿನಲ್ಲೇ ಬಿಟ್ಟದ್ದರಿಂದ ಕರೆಂಟೂ ಬರುತ್ತಿತ್ತು. ಲ್ಯಾಪ್‌ಟಾಪು ತನ್ನ ವಯಸ್ಸಿಗೆ ತಕ್ಕ ಹಾಗೆ, ಯಾವ ಅವಸರವೂ ಇಲ್ಲದೆ, ಏಳುವ ಸಿದ್ಧತೆ ನಡೆಸಿತು. ಒಳಗೆ ಇಂಪನಾ ಹಸಿರು ಸೀರೆಯುಟ್ಟು, ಮುಡಿ ತುಂಬ ಹೂ ಮುಡಿದು ಕೂತಿದ್ದಳು. ಬಳೆ ತೊಡಿಸಿದ್ದಾಯಿತು. ಮುತ್ತೈದೆಯರು ಆರತಿ ತಟ್ಟೆ ಹಿಡಿದರು. ಹಿರಿಯಾಕೆಯೊಬ್ಬಳು ಸೋಬಾನೆಗೆ ದನಿ ತೆಗೆದಳು. ಹಿತ್ತಲಲ್ಲಿ ಮೊದಲ ಪಂಕ್ತಿ ಆಗಷ್ಟೇ ಎದ್ದು, ಅಡುಗೆಯವರು ಎಂಜಲೆಲೆಗಳನ್ನು ಡ್ರಮ್ಮುಗಳಿಗೆ ತುಂಬಿ, ಇವನ್ನು ಎಲ್ಲಿ ಸುರಿಯುವುದೆಂದು ಯೋಚಿಸುತ್ತಿದ್ದರು.

ಸರಿಯಾಗಿ ಆಗ ಹೊರಗೆ ಹಾಡು ಶುರುವಾಯಿತು.

"ವಂಡಿ ವಂದಾಚ್ಚು!" ಎಂದು ಬಡಿಸುವವರ ಮೇಸ್ತ್ರಿ ತಮಿಳಿನಲ್ಲಿ ಕೂಗಿದ. ಗಾಡಿ ಬಂತು ಎಂದು. ಭದ್ರಾವತಿಯ ಕಸದ ಗಾಡಿಗೂ ಹಾಡು ಅದೇ. ನಾಲ್ಕು ಜನ ಡ್ರಮ್ಮುಗಳನ್ನು ಹೊತ್ತು ಓಡಿದರು. ಸೀಮಂತದ ಮನೆಗೆ ಗಾಡಿ ಹೇಳಿದ ಕೂಡಲೇ ಬಂದು ಬಾಗಿಲಲ್ಲೇ ನಿಂತಿದೆ, ಡಿಕ್ಕಿಯನ್ನು ಹಗ್ಗ ಕಟ್ಟಿ ತೆರೆದೂ ಇಟ್ಟಿದೆ! ಇಂಥ ವ್ಯವಸ್ಥೆಯನ್ನು ಅವರು ಯಾವ ಸಮಾರಂಭದಲ್ಲೂ ಕಂಡಿರಲಿಲ್ಲ. ಮೊದಲ ಡ್ರಮ್ಮು ಬಿದ್ದಾಗ ಹಾಡಿನ ದನಿ ಸ್ವಲ್ಪ ಕಟ್ಟಿತು. ಎರಡನೆಯದರಲ್ಲಿ ಪಾಯಸವಿತ್ತು, ಗಾಯಕಿಗೆ ನೆಗಡಿ ಹಿಡಿದ ಹಾಗಾಯಿತು.

ಒಳಗೆ ಸೋಬಾನೆ ನಿಂತಿತು. ಆರತಿ ಹಿಡಿದವರ ಪೈಕಿ ಇಬ್ಬರು ತಟ್ಟೆಯನ್ನು ಅಲ್ಲೇ ಇಟ್ಟು, "ನಮ್ಮನೆ ಕಸ ಹಾಕಿ ಬಂದ್ಬಿಡ್ತೀವಿ, ಎರಡು ದಿನದ್ದಿದೆ" ಎಂದು ಎದ್ದೇಬಿಟ್ಟರು. ಲಕ್ಷ್ಮೀಕಾಂತ ಹೊರಗೆ ಹಾರಿದ. ಸದ್ದು ತಗ್ಗಿಸುವ ತಿರುಪು ಎಲೆಗಳ ಅಡಿಯಲ್ಲಿತ್ತು. ತೋಳು ಮಡಿಸಿ ಮೊಣಕೈ ತನಕ ಕೈ ಇಳಿಸಿದ. ಹುಳಿ ಸಿಕ್ಕಿತು, ಕೋಸಂಬರಿ ಸಿಕ್ಕಿತು, ತಿರುಪು ಸಿಕ್ಕಲಿಲ್ಲ.

"ಸಾರ್, ಸ್ವಲ್ಪ ಪಕ್ಕಕ್ಕೆ, ಇನ್ನೊಂದು ಡ್ರಮ್ಮಿದೆ" ಎಂದ ಮೇಸ್ತ್ರಿ.

"ಇದು ಕಾರು ಕಣಯ್ಯಾ! ಕಾರು!"

"ಗೊತ್ತು ಸಾರ್. ಈಗ ಎಲ್ಲ ಎಲೆಕ್ಟ್ರಿಕ್ ಮಾಡ್ಬಿಟ್ಟಿದಾರೆ."

ತ್ರಿವಿಕ್ರಮ ಗೇಟಿಗೆ ಒರಗಿ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದ. ಇಂಪನಾ ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದು, "ಚಿಕ್ಕಪ್ಪಾ, ನಗಿಸ್ಬೇಡಿ, ಇವತ್ತೇ ಹೆರಿಗೆ ಆಗ್ಬಿಡುತ್ತೆ" ಎಂದಳು. ಅವಳ ಅಮ್ಮ, "ಬಿಡ್ತು ಅನ್ನೇ" ಎಂದು ಗದರಲು ಹೋಗಿ ತಾನೇ ನಕ್ಕುಬಿಟ್ಟಳು.

ಪ್ರಿಯದರ್ಶಿನಿ ಮೆಟ್ಟಿಲಿಳಿದು ಬಂದಳು. ಕಾರಿನ ಮುಂದಿನ ಬಾಗಿಲು ತೆಗೆದಳು. ಎರಡು ಬೆರಳಿನಲ್ಲಿ ಪಿನ್ನು ಹಿಡಿದು ಎಳೆದಳು.

ಹಾಡು ನಿಂತಿತು. ಇಡೀ ಬೀದಿ ಅವಳ ಕಡೆ ನೋಡಿತು.

"ಸಾಫ್ಟ್‌ವೇರು" ಎಂದಳು ಪ್ರಿಯದರ್ಶಿನಿ.

ಎಲೆ ತೆಗೆದು, ಸ್ಪೀಕರ್ ಒರೆಸಿ, ಊಟ ಮುಗಿಸುವ ಹೊತ್ತಿಗೆ ಸಂಜೆ ಇಳಿಯುತ್ತಿತ್ತು. ಹೊರಡುವಾಗ ಬೀಳ್ಕೊಡಲು ಎಲ್ಲರೂ ಗೇಟಿಗೆ ಬಂದರು. ಬೀಳ್ಕೊಡುವುದೊಂದು ನೆಪ, ಎಲ್ಲರಿಗೂ ಕಾರು ನೋಡಬೇಕಿತ್ತು. ತ್ರಿವಿಕ್ರಮ ತಾಂಬೂಲ ಕೊಡುತ್ತ, "ಏನ್ರೀ, ವಾಪಸ್ಸು ಹಾಡಿಲ್ಲದೇ ಹೋಗ್ತೀರಾ? ನಮ್ಮದರಲ್ಲಿ ಒಂಬತ್ತೇ ಇಂಚು, ಆದ್ರೂ ಹಾಡು ಬರುತ್ತೆ ನೋಡಿ. ಬೇಕಾದ್ರೆ ನಾನೇ ಬಿಟ್ಟು ಬರ್ತೀನಿ" ಎಂದ.

ಲಕ್ಷ್ಮೀಕಾಂತನ ಕಿವಿ ಕೆಂಪಾಯಿತು. "ಹಾಡು ಹಾಕ್ಕೊಂಡೇ ಹೋಗ್ತೀವಿ."

"ಕಸದ್ದಾ?"

"ಸಿನಿಮಾದ್ದು!"

ಅವನು ಪಿನ್ನು ಸಿಕ್ಕಿಸಿದ. ಬಿಟ್ಟ ಕೂಡಲೇ ಅದು ಜಾರಿತು. ಮತ್ತೆ ಸಿಕ್ಕಿಸಿದ. ಮತ್ತೆ ಜಾರಿತು. ಹೆಂಡತಿಯ ಕಡೆ ನೋಡಿದ. ಆ ನೋಟದಲ್ಲಿ ಸೂಪರಿಂಟೆಂಡೆಂಟು ಇರಲಿಲ್ಲ.

"ಕೈಯಲ್ಲಿ ಒತ್ತಿ ಹಿಡ್ಕೊಂಡಿದ್ರೆ ನಿಲ್ಲುತ್ತೆ" ಎಂದಳು ಪ್ರಿಯದರ್ಶಿನಿ. "ಒಂದು ಕೈ ಪಿನ್ನಿಗೆ. ಇನ್ನೊಂದು ಮೌಸಿಗೆ, ಆ ಕಸದ ಹಾಡು ಮುಂದಕ್ಕೆ ಓಡ್ಸೋಕೆ."

"ಹಾಗಾದ್ರೆ ಸ್ಟೇರಿಂಗು?"

ಆ ಪ್ರಶ್ನೆ ಕೇಳಿದ ಮೇಲೆ ಅದರ ಉತ್ತರ ಎಲ್ಲಿದೆ ಎನ್ನುವುದು ಲಕ್ಷ್ಮೀಕಾಂತನಿಗೂ ಹೊಳೆಯಿತು. ತ್ರಿವಿಕ್ರಮ ಆಗಲೇ ತನ್ನ ಕಾರಿನ ಕೀಯನ್ನು ಬೆರಳಿಗೆ ಹಾಕಿ ತಿರುಗಿಸುತ್ತಿದ್ದ. ಷಡ್ಡಕನ ಕಾರಿನಲ್ಲಿ ಕೂತು ಮನೆ ಸೇರುವುದಕ್ಕಿಂತ...

"ಹೂಂ. ನೀನೇ ಹಿಡಿ" ಎಂದ. "ಬಿ.ಎಚ್. ರಸ್ತೆ ತನಕ ಮಾತ್ರ."

ಇನ್ವರ್ಟರಿನ ಬೆಲ್ಟ್ ಬಿಚ್ಚಿ ಅದನ್ನು ಹಿಂದಿನ ಸೀಟಿಗೆ ಕಳಿಸಲಾಯಿತು. ಲಕ್ಷ್ಮೀಕಾಂತ ಮುಂದೆ ಕೂತು, ಎಲಾಸ್ಟಿಕ್ ಬಿಚ್ಚಿ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡ. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದುಕೊಂಡಿತು. ಶೇಷಮ್ಮ ಕೈಚೀಲದೊಂದಿಗೆ ಹತ್ತುತ್ತಿದ್ದಳು.

"ಅಮ್ಮಾ, ನೀನೆಲ್ಲಿಗೆ?"

"ಶಿವಮೊಗ್ಗಕ್ಕೆ. ನನ್ನ ಮಗಳು ಕಾರು ಓಡಿಸ್ತಾಳೆ, ನಾನು ಕೂರೋದು ಬೇಡ್ವಾ? ನಾಲ್ಕು ದಿನ ಇದ್ದು ಬರ್ತೀನಿ." ಪಕ್ಕದಲ್ಲಿ ಕೂತ ಪೆಟ್ಟಿಗೆಯನ್ನು ನೋಡಿದಳು. "ಇದು ಯಾರದು?"

"ಇನ್ವರ್ಟರ್ ಅತ್ತೆ. ಮುಟ್ಬೇಡಿ."

"ನಾನ್ಯಾಕೆ ಮುಟ್ಲಿ? ಸ್ವಲ್ಪ ಆ ಕಡೆ ಸರೀಲಿ, ಅಷ್ಟೇ."

ಬೀದಿಯ ಒಂದು ಬದಿಗೆ ಶಾಮಿಯಾನ, ಇನ್ನೊಂದು ಬದಿಗೆ ತ್ರಿವಿಕ್ರಮನ ಹೊಸ ಕಾರು, ನಡುವೆ ಹೆಂಗಸರು, ಡ್ರಮ್ಮುಗಳು, ಎಲೆಯ ವಾಸನೆಗೆ ಕಾದು ನಿಂತ ದನಗಳು. ಹಿಂದಕ್ಕೇ ತೆಗೆಯಬೇಕು, ಬೇರೆ ದಾರಿಯಿಲ್ಲ. ಪ್ರಿಯದರ್ಶಿನಿ ಕನ್ನಡಿ ಸರಿಮಾಡಿಕೊಂಡಳು. ಎಡಗಾಲು ಒತ್ತಿತು. ಈ ಸಲ ಅದರ ಕೆಳಗೆ ಕ್ಲಚ್ಚಿತ್ತು. ಕಾರು ನಿಧಾನವಾಗಿ, ಎಲ್ಲೂ ಎಳೆಯದೆ, ಎಲ್ಲೂ ಜಗ್ಗದೆ ಹಿಂದೆ ಸರಿಯಿತು. ಹೊಸ ಕಾರಿನ ಪಕ್ಕದಲ್ಲಿ ಒಂದು ಗೇಣು ಬಿಟ್ಟು ಹಾದುಹೋಗುವಾಗ ತ್ರಿವಿಕ್ರಮ ನಗುವುದನ್ನು ನಿಲ್ಲಿಸಿ ಉಸಿರು ಹಿಡಿದ. ತಿರುವಿನಲ್ಲಿ ಕಾರು ಮುಂದಕ್ಕೆ ಹೊರಳಿತು. ಆ ಕ್ಷಣಕ್ಕೇ ಹಳೆಯ ಸಿನಿಮಾ ಹಾಡೂ ಶುರುವಾಯಿತು. ಹೆಂಗಸರು ಚಪ್ಪಾಳೆ ತಟ್ಟಿದರು.

"ನೋಡ್ರೇ! ನೋಡ್ಕೊಳ್ರೇ!" ಶೇಷಮ್ಮ ಕಿಟಕಿಯಿಂದ ಅರ್ಧ ಹೊರಗಿದ್ದಳು. "ಹೇಳಿರ್ಲಿಲ್ವಾ ನಾನು? ಹೇಳಿರ್ಲಿಲ್ವಾ?"

ಬಿ.ಎಚ್. ರಸ್ತೆ ಬಂತು. ಲಕ್ಷ್ಮೀಕಾಂತನ ಬಾಯಿ ತೆರೆಯಿತು. ಆದರೆ ಹಾಡಿನ ಎರಡನೆಯ ಚರಣ ನಡೆಯುತ್ತಿತ್ತು. ಪಿನ್ನು ಬಿಟ್ಟರೆ ಮತ್ತೆ ಹಸಿ ಕಸ. "ಈ ಹಾಡು ಮುಗೀಲಿ" ಎಂದ. ಆ ಹಾಡು ಮುಗಿಯುವಾಗ ಇನ್ನೊಂದು ಅವನ ಮೆಚ್ಚಿನದು ಬಂತು. ಕಡದಕಟ್ಟೆಯ ಹತ್ತಿರ ಲಾರಿಯೊಂದು ಹಾರನ್ ಹೊಡೆದಾಗ ಅವನು ಕಣ್ಣುಮುಚ್ಚಿದ. ತೆರೆದಾಗ ಲಾರಿ ಹಿಂದಿತ್ತು. "ಏನಾಯ್ತು?" ಎಂದ. "ಓವರ್‌ಟೇಕು" ಎಂದಳು ಪ್ರಿಯದರ್ಶಿನಿ.

ಮಾಚೇನಹಳ್ಳಿ ಬರುವಷ್ಟರಲ್ಲಿ ಅವನ ಭುಜ ಇಳಿದಿತ್ತು. ರಸ್ತೆ ನೋಡುವ ಕೆಲಸವಿಲ್ಲ, ಬ್ರೇಕ್ ತುಳಿಯುವ ಕೆಲಸವಿಲ್ಲ. ಮನುಷ್ಯನಿಗೆ ಹಾಡು ಕೇಳುವ ಸುಖ ಎಂಥದ್ದೆಂದು ಅವನಿಗೆ ಈಗ ತಿಳಿಯುತ್ತಿತ್ತು. ಗಂಟಲು ಸರಿಮಾಡಿಕೊಂಡು ಆಕಾಶವಾಣಿಯವರ ದನಿಯಲ್ಲಿ, "ಮುಂದಿನ ಗೀತೆಯನ್ನು ಕೋರಿದವರು, ಭದ್ರಾವತಿ ನ್ಯೂಟೌನಿನಿಂದ ಶ್ರೀಮತಿ ಶೇಷಮ್ಮನವರು. ಯಾವುದು ಹಾಕ್ಲಿ ಅತ್ತೆ?" ಎಂದ.

"ಆಗ ಬಂತಲ್ಲ, ಕಸದ್ದು. ಅದೇ ಹಾಕಿ. ಚೆನ್ನಾಗಿತ್ತು."

"ಅದೊಂದು ಬೇಡ ಅತ್ತೆ!"

ಮೂವರೂ ನಕ್ಕರು. ಪ್ರಿಯದರ್ಶಿನಿ ನಗುತ್ತಲೇ ಗೇರು ಬದಲಿಸಿದಳು. ತುಂಗೆಯ ಸೇತುವೆಯ ಮೇಲೆ ಕಿಟಕಿಯಿಂದ ಗಾಳಿ ಬಂತು. ಸಿಟಿ ಬಸ್ಸಿನವರು ನುಗ್ಗಿದರು; ಅವಳು ದಾರಿ ಕೊಟ್ಟು, ದಾರಿ ತೆಗೆದುಕೊಂಡು, ಆಲ್ಕೊಳ ಸರ್ಕಲನ್ನು ಸುತ್ತಿ ಮನೆಯ ಬೀದಿಗೆ ತಿರುಗಿದಳು. ಗೇಟಿನೊಳಗೆ ಕಾರು ತರುವುದು ಹೇಗೂ ಅವಳಿಗೆ ವರ್ಷದ ಅಭ್ಯಾಸ.

ಲಕ್ಷ್ಮೀಕಾಂತ ಇಳಿದದ್ದೇ ತ್ರಿವಿಕ್ರಮನಿಗೆ ಫೋನು ಹಚ್ಚಿ, "ಒಂದು ಹಾಡೂ ಕಟ್ ಆಗ್ಲಿಲ್ಲ ರೀ! ಥಿಯೇಟರ್ ಎಫೆಕ್ಟು!" ಎನ್ನುತ್ತ ಒಳಗೆ ಹೋದ. ಶೇಷಮ್ಮ ಕಾಫಿ ಎಂದು ಅವನ ಹಿಂದೆ ಹೋದಳು.

ಪ್ರಿಯದರ್ಶಿನಿ ಕಿಟಕಿಯ ಗಾಜು ಏರಿಸುತ್ತಿದ್ದಾಗ ಮುಸ್ತಕೀಮ್ ಅಂಗಡಿ ಕಡೆಯಿಂದ ಸ್ಕೂಟರಿನಲ್ಲಿ ಬಂದು ನಿಂತ.

"ಅಕ್ಕಾ, ಸರ್ಕಲಲ್ಲಿ ನೋಡ್ದೆ! ನೀವೇ ಓಡಿಸ್ಕೊಂಡು ಬಂದ್ರಲ್ಲಾ? ಬಾಕ್ಸು ಹೆಂಗಿದೆ ಕೇಳೋಣ ಅಂತ ಬಂದೆ."

"ಬಾಕ್ಸು ಚೆನ್ನಾಗಿದೆ. ಸ್ವಲ್ಪ ಪಾಯಸ ಕುಡಿದಿದೆ."

ಮುಸ್ತಕೀಮ್ ನಕ್ಕು, ಒಳಗೆ ಬಗ್ಗಿ ಲ್ಯಾಪ್‌ಟಾಪನ್ನು ಎತ್ತಿ ನೋಡಿದ. ಪಿನ್ನನ್ನು ಬೆರಳಲ್ಲಿ ಅಲ್ಲಾಡಿಸಿದ. "ಇದು ಲೂಸಾಗಿದೆ ಅಕ್ಕ. ಇದೇ ಸೈಜಿನ ಬೇರೆ ಪಿನ್ನು ಅಂಗಡೀಲಿ ಬಿದ್ದಿದೆ. ಹಾಕಿದ್ರೆ ಗಟ್ಟಿ ಕೂತ್ಕೊಳ್ಳುತ್ತೆ, ಯಾರೂ ಹಿಡ್ಕೊಳ್ಳೋದೇ ಬೇಡ. ಆಮೇಲೆ ಸಾರ್ ಒಬ್ಬರೇ ಆರಾಮಾಗಿ ಓಡಿಸ್ಕೊಂಡು ಹೋಗ್ಬಹುದು. ಬೆಳಿಗ್ಗೆ ಬಂದು ಹಾಕ್ಕೊಡ್ಲಾ?"

ಒಳಗಿನಿಂದ ಲಕ್ಷ್ಮೀಕಾಂತನ ನಗು ಕೇಳುತ್ತಿತ್ತು. ಮುಂದಿನ ಭಾನುವಾರ ಸಾಗರದ ಕಡೆ ಹೋಗೋಣ ಎಂದು ಅವನು ಯಾರಿಗೋ ಹೇಳುತ್ತಿದ್ದ. ಯಾವ ಹಾಡಾದ ಮೇಲೆ ಯಾವ ಹಾಡು ಎಂದೂ ಹೇಳುತ್ತಿದ್ದ.

"ಅವಸರ ಏನಿಲ್ಲ ಮುಸ್ತಕೀಮ್" ಎಂದಳು ಪ್ರಿಯದರ್ಶಿನಿ. "ಬೇಕಾದಾಗ ನಾನೇ ಹೇಳಿ ಕಳಿಸ್ತೀನಿ."

ಸ್ಕೂಟರ್ ಹೋಯಿತು. ಅವಳು ಕಾರಿಗೆ ಬೀಗ ಹಾಕಿದಳು. ಒಳಗೆ ಕಾಲಿಟ್ಟಾಗ ಲಕ್ಷ್ಮೀಕಾಂತ ಫೋನಿಗೆ ಕೈ ಅಡ್ಡ ಹಿಡಿದು, "ಮುಸ್ತಕೀಮ್ ಬಂದಿದ್ನಾ? ಏನಂದ?" ಎಂದು ಕೇಳಿದ.

"ಏನಿಲ್ಲ. ಹಾಡು ಸರ್ಕಲ್ ತನಕ ಕೇಳಿಸ್ತಂತೆ."

ಅವನ ಮುಖ ಅರಳಿತು. ಪ್ರಿಯದರ್ಶಿನಿ ಕಾಫಿಗೆ ಹಾಲಿಡಲು ಹೋದಳು. ಆ ಪಿನ್ನು ಗಟ್ಟಿ ಕೂರಬಾರದು. ಎಂದಾದರೊಂದು ದಿನ ತಾನಾಗಿ ಗಟ್ಟಿಯಾದರೂ, ಶನಿವಾರ ಸಂಜೆ ಹೋಗಿ ಅದನ್ನು ಮೆಲ್ಲಗೆ ಸಡಿಲಿಸಿ ಬರುವುದು ಇನ್ನು ಮೇಲೆ ತನ್ನ ಮನೆಗೆಲಸಗಳಲ್ಲಿ ಒಂದು. ಹಾಲು ಉಕ್ಕುವ ಮೊದಲೇ ಅವಳು ಇಷ್ಟನ್ನು ತೀರ್ಮಾನಿಸಿಕೊಂಡಿದ್ದಳು.